ತರಗು ಬೆಂಕಿ ನಿಂತ ಕಾಡಿನಲ್ಲಿ

ಬಿಳಿಗಿರಿರಂಗನ ಬೆಟ್ಟದಲ್ಲಿ ನಾಲ್ಕಾರು ಬೇಸಿಗೆ ಕಳೆದವರಿಗೆ ಫೆಬ್ರುವರಿ ಹುಟ್ಟಿತೆಂದರೆ ಕಣ್ಣು ತಾನಾಗಿ ನೆಲಕ್ಕೆ ಹೋಗುತ್ತದೆ. ತರಗು ಎಷ್ಟು ದಪ್ಪ ಬಿದ್ದಿದೆ, ಹುಲ್ಲು ಎಷ್ಟೆತ್ತರಕ್ಕೆ ಒಣಗಿ ನಿಂತಿದೆ, ಲಂಟಾನದ ಮೆಳೆ ಯಾವ ಮರದ ಕೊಂಬೆ ಮುಟ್ಟಿದೆ ಎಂದು ನೋಡುತ್ತಲೇ ನಡೆಯುತ್ತೇವೆ. ಗಿಡಮರ ಅಳೆಯುವ ಕೆಲಸಕ್ಕೆಂದು ಈ ಬೆಟ್ಟದ ಆದಿವಾಸಿಗಳಾದ ಸೋಲಿಗರ ಪೋಡುಗಳಿಗೆ (ಹಾಡಿಗಳಿಗೆ) ಹೋದ ನಾನು ಅಲ್ಲಿ ಕಲಿತದ್ದರಲ್ಲಿ ಬೆಂಕಿಯ ಪಾಠವೇ ಹೆಚ್ಚು. ಒಣಗಿದ ಕಾಡಿಗೆ ಬೆಂಕಿ ಎಲ್ಲಿಂದಲಾದರೂ ಬಂದೇ ಬರುತ್ತದೆ. ಬಂದಾಗ ಅದಕ್ಕೆ ಎಷ್ಟು ಮೇವು ಸಿಗಬೇಕು ಎಂಬುದಷ್ಟೇ ನಮ್ಮ ಕೈಯಲ್ಲಿರುವುದು.

ಹಿಂದೆ ಸೋಲಿಗರು ವರ್ಷದ ಮೊದಲ ತಿಂಗಳುಗಳಲ್ಲಿ ತರಗು ಬೆಂಕಿ ಹಾಕುತ್ತಿದ್ದರು. ಎಲೆ ಆಗಷ್ಟೇ ಉದುರಿರುತ್ತದೆ, ನೆಲದಲ್ಲಿ ಇನ್ನೂ ಇಬ್ಬನಿಯ ತೇವವಿರುತ್ತದೆ. ಉರಿ ಮಂಡಿಯೆತ್ತರ ದಾಟದೆ ತರಗನ್ನಷ್ಟೇ ಮೇಯ್ದು ಆರಿಹೋಗುತ್ತಿತ್ತು. ಮಳೆ ಬಿದ್ದೊಡನೆ ಹಸಿ ಹುಲ್ಲು ಚಿಗುರುತ್ತಿತ್ತು, ಕಾಟಿ, ಕಡವೆ ಮೇಯಲು ಬರುತ್ತಿದ್ದವು. ನೆಲ್ಲಿಮರದ ಜೀವ ಹೀರುವ ಬಂದಳಿಕೆಯನ್ನೂ (ಸೋಲಿಗರು ಅದನ್ನು ಉಪ್ಪಿಲು ಅನ್ನುತ್ತಾರೆ) ಈ ಬೆಂಕಿ ಹದ್ದುಬಸ್ತಿನಲ್ಲಿಡುತ್ತಿತ್ತು ಎಂಬುದು ಹಿರಿಯರ ಗಟ್ಟಿ ಮಾತು. ನನ್ನೊಡನೆ ಕಾಡು ಸುತ್ತುತ್ತಿದ್ದ ಅಜ್ಜನೊಬ್ಬರು ಹೇಳುತ್ತಿದ್ದರು: “ಆಗ ಬೆಂಕಿ ನೆಲದ ಮೇಲೆ ನಡ್ಕಂಡು ಹೋಗ್ತಿತ್ತು ಬುದ್ಧಿ, ಈಗ ಮರ ಹತ್ಕಂಡು ಓಡ್ತದ.”

1974ರಲ್ಲಿ ಈ ಬೆಟ್ಟದ ಕಾಡು ಅಭಯಾರಣ್ಯವಾಯಿತು. ಬೆಂಕಿ ಹಾಕುವುದು ಅಪರಾಧವಾಯಿತು. ಕಾಡು ಉಳಿಸುವ ಪ್ರಾಮಾಣಿಕ ಕಾಳಜಿ ಅದರ ಹಿಂದಿತ್ತು ಎಂಬುದನ್ನು ನಾನು ಒಪ್ಪುತ್ತೇನೆ. ಆದರೆ ಆಮೇಲಿನ ವರ್ಷಗಳಲ್ಲಿ ಲಂಟಾನ ಕಾಡಿನ ಒಳಹೊಟ್ಟೆಗೇ ನುಗ್ಗಿತು. ಹೂವಿನ ಚೆಂದಕ್ಕೆಂದು ಬ್ರಿಟಿಷರ ಕಾಲದಲ್ಲಿ ದೇಶಕ್ಕೆ ಬಂದ ಗಿಡವಿದು. ಏಟ್ರೀ ಸಂಸ್ಥೆಯ ಸಂಶೋಧಕರು 1997ರಲ್ಲಿ ಅಳೆದ ಜಾಗಗಳನ್ನೇ 2008ರಲ್ಲಿ ಮತ್ತೆ ಅಳೆದಾಗ ಅದರ ಸಾಂದ್ರತೆ ನಾಲ್ಕು ಪಟ್ಟಿಗೂ ಮಿಗಿಲಾಗಿತ್ತು. ಮೆಳೆಯೊಳಗೆ ಬಗ್ಗಿ ನುಸುಳಿ ಗಿಡ ಎಣಿಸಿದವರಿಗೆ ಗೊತ್ತು, ಅದರಡಿ ಹೊನ್ನೆಯ ಸಸಿ, ಮತ್ತಿಯ ಸಸಿ ಹುಡುಕಿದರೂ ಸಿಗುವುದು ಕಷ್ಟ. ಬೇಸಿಗೆಯಲ್ಲಿ ಅದೇ ಮೆಳೆ ಬೆಂಕಿಗೆ ಏಣಿಯಾಗುತ್ತದೆ. ನೆಲದ ಕಿಡಿಯನ್ನು ಕೊಂಬೆಗೆ, ಕೊಂಬೆಯಿಂದ ನೆತ್ತಿಗೆ ಮುಟ್ಟಿಸುತ್ತದೆ. ಹೂ ಬಿಟ್ಟು ಸತ್ತ ಬಿದಿರು ಪಕ್ಕದಲ್ಲಿದ್ದರಂತೂ ಹೇಳುವುದೇ ಬೇಡ.

ಇದರ ಮೇಲೆ ಹವಾಮಾನದ ಏರುಪೇರು. 2016ರಲ್ಲಿ ಹಿಂಗಾರು ಪೂರಾ ಕೈಕೊಟ್ಟಿತು. ಮುಂದಿನ ಫೆಬ್ರುವರಿಯಲ್ಲೇ ಬಂಡೀಪುರ ಉರಿಯಿತು. 2018ರಲ್ಲಿ ಮುಂಗಾರು ಧಾರಾಳವಾಗಿ ಸುರಿಯಿತು, ಹುಲ್ಲು ಹುಲುಸಾಗಿ ಬೆಳೆಯಿತು. 2019ರ ಫೆಬ್ರುವರಿಯಲ್ಲಿ ಅದೇ ಬಂಡೀಪುರದಲ್ಲಿ ನಾಲ್ಕು ಸಾವಿರ ಹೆಕ್ಟೇರಿಗೂ ಹೆಚ್ಚು ಕಾಡು ಕೆಲವೇ ದಿನಗಳಲ್ಲಿ ಸುಟ್ಟಿತು. ಮಳೆ ಬಾರದಿದ್ದರೂ ಅಪಾಯ, ಬಂದರೂ ಅಪಾಯ ಎಂಬ ಈ ಸ್ಥಿತಿ ನನಗೆ ನಿಜಕ್ಕೂ ಭಯ ಹುಟ್ಟಿಸುತ್ತದೆ. ಹಳೆಯ ಲೆಕ್ಕಾಚಾರದ ಬೆಂಕಿ ರೇಖೆಗಳು ನೆಲದಲ್ಲಿ ಹರಿದಾಡುವ ಉರಿಯನ್ನು ತಡೆಯಬಲ್ಲವು. ಒಣಬಿದಿರು ಸಿಡಿದು ಗಾಳಿಯಲ್ಲಿ ಹಾರುವ ಕೆಂಡಕ್ಕೆ ಅವು ಲೆಕ್ಕಕ್ಕೇ ಇಲ್ಲ. ಉಪಗ್ರಹ ಕಂಡ ಬೆಂಕಿಯ ಸುದ್ದಿಯನ್ನು ಭಾರತೀಯ ಅರಣ್ಯ ಸಮೀಕ್ಷಾ ಸಂಸ್ಥೆ ಮೊಬೈಲಿಗೇ ಕಳಿಸುತ್ತದೆ, ಒಳ್ಳೆಯ ವ್ಯವಸ್ಥೆ. ಆದರೆ ಉಪಗ್ರಹ ಹಾದುಹೋಗುವುದು ದಿನಕ್ಕೆ ಕೆಲವೇ ಸಲ. ಮಧ್ಯಾಹ್ನದ ಬಿಸಿಗಾಳಿಯಲ್ಲಿ ಒಂದು ಗುಡ್ಡ ಹತ್ತಿಳಿಯಲು ಬೆಂಕಿಗೆ ಅಷ್ಟು ಹೊತ್ತು ಬೇಕಾಗಿಲ್ಲ. ಅಲ್ಲಿ ಕೊನೆಗೂ ಉಳಿಯುವವರು ಸೊಪ್ಪಿನ ಕೊಂಬೆ ಹಿಡಿದು ಹೊಗೆಯೊಳಗೆ ನಿಂತು ಬಡಿಯುವ ವಾಚರುಗಳು. ಅವರಲ್ಲಿ ಬಹಳ ಜನ ಸೋಲಿಗರು, ಜೇನುಕುರುಬರು.

ಹಾಗಾದರೆ ನಾಳೆಯೇ ತರಗು ಬೆಂಕಿ ಹಾಕಿಬಿಡೋಣ ಎಂದು ಉತ್ಸಾಹದಿಂದ ಹೇಳುವವರಿದ್ದಾರೆ. ಅದು ಆಗದ ಮಾತು. ಲಂಟಾನ ತುಂಬಿದ ಕಾಡಿಗೆ ಜನವರಿಯಲ್ಲಿ ಹಾಕಿದರೂ ಉರಿ ನೆತ್ತಿಗೇರುವ ಅಪಾಯವಿದೆ. ಬೆಟ್ಟದ ಮೇಲಿನ ಶೋಲಾ ಮತ್ತು ನಿತ್ಯಹರಿದ್ವರ್ಣದ ಕಾಡಿಗೆ ಯಾವ ಕಾಲದಲ್ಲೂ ಬೆಂಕಿ ಸೋಕಬಾರದು. ಎಲೆ ಉದುರಿಸುವ ಕಾಡಿನಲ್ಲಿ ಮೊದಲು ಲಂಟಾನ ಹೋಗಬೇಕು, ಹುಲ್ಲು ಮರಳಬೇಕು, ಬೆಂಕಿಯ ಸರದಿ ಆಮೇಲೆ. ಈ ಕ್ರಮ ತಪ್ಪಿದರೆ ಸೋಲಿಗರ ಅರಿವಿಗೇ ಕೆಟ್ಟ ಹೆಸರು ಬರುತ್ತದೆ.

ಲಂಟಾನ ತೆಗೆಯುವುದು ತಾಳ್ಮೆಯ ಕೆಲಸ. ಮಚ್ಚಿನಲ್ಲಿ ಕಡಿದರೆ ಬುಡದಿಂದ ಹತ್ತು ಕವಲು ಮತ್ತೆ ಏಳುತ್ತವೆ. ಬುಡದ ಮಣ್ಣು ಸರಿಸಿ, ಚಿಗುರೊಡೆಯುವ ಗಂಟಿನ ಕೆಳಗೆ, ನೆಲಮಟ್ಟದಿಂದ ಎರಡು ಮೂರು ಬೆರಳಿನಷ್ಟು ಆಳದಲ್ಲಿ ತಾಯಿಬೇರನ್ನು ಕತ್ತರಿಸಿ, ಇಡೀ ಮೆಳೆಯನ್ನು ಎತ್ತಿ ಬೇರು ಮೇಲಾಗಿ ಮಗುಚಿಡಬೇಕು. ಅಲ್ಲಿಗೂ ಮುಗಿಯಲಿಲ್ಲ. ಹಣ್ಣು ತಿಂದ ಪಿಕಳಾರಗಳು ಯಾವ ಮರದಲ್ಲಿ ಕೂರುತ್ತವೋ ಅದರಡಿ ಮುಂದಿನ ಮಳೆಗೆ ಹೊಸ ಸಸಿಗಳು ಏಳುತ್ತವೆ. ಅವನ್ನು ಕೈಯಲ್ಲಿ ಕೀಳಲು ಎರಡು ಮೂರು ಮಳೆಗಾಲ ಅದೇ ಜಾಗಕ್ಕೆ ಹೋಗುತ್ತಿರಬೇಕು. ಹೀಗೆ ಬೆನ್ನು ಹತ್ತಿ ನೋಡಿಕೊಂಡ ತುಂಡುಗಳಲ್ಲಿ ಹುಲ್ಲು ಬಂದದ್ದನ್ನು, ಹುಲ್ಲಿನ ನಡುವೆ ನೆಲ್ಲಿ ಸಸಿ ತಲೆಯೆತ್ತಿದ್ದನ್ನು ಕಂಡಿದ್ದೇನೆ. ಒಮ್ಮೆ ಕಡಿದು ಫೋಟೊ ತೆಗೆಸಿಕೊಂಡು ಬಿಟ್ಟ ತುಂಡುಗಳು ಮೊದಲಿಗಿಂತ ದಟ್ಟವಾಗಿವೆ.

2006ರ ಅರಣ್ಯ ಹಕ್ಕು ಕಾಯ್ದೆಯಡಿ 2011ರಲ್ಲಿ ಇಲ್ಲಿನ ಸೋಲಿಗರಿಗೆ ಸಮುದಾಯ ಅರಣ್ಯ ಹಕ್ಕು ಸಿಕ್ಕಿದೆ. ಕಾಡು ನೋಡಿಕೊಳ್ಳುವ ಮಾತಿನಲ್ಲಿ ಗ್ರಾಮಸಭೆಗೂ ಪಾಲಿದೆ. ಅವರೂ ಅರಣ್ಯ ಸಿಬ್ಬಂದಿಯೂ ಒಟ್ಟಿಗೆ ಕೂತು ಯಾವ ಬೀಟಿನಲ್ಲಿ ಲಂಟಾನ ಕೀಳಬೇಕು, ಎಲ್ಲಿ ಹುಲ್ಲು ಸಾಕಷ್ಟು ಬಂದಿದೆ, ಎಲ್ಲಿ ಸಣ್ಣದೊಂದು ತುಂಡಿಗೆ ಜನವರಿ ಬೆಂಕಿ ಕೊಟ್ಟು ನೋಡಬಹುದು ಎಂದು ನಕ್ಷೆಯ ಮೇಲೆ ಗುರುತು ಹಾಕಲಿ ಎಂಬುದು ನನ್ನ ಆಸೆ. ದೊಡ್ಡ ಯೋಜನೆಗಿಂತ ಮೊದಲು ನಾನು ಸಭೆಗಳಲ್ಲಿ ಕೇಳುವುದು ಇಷ್ಟೇ: ಲಂಟಾನ ಕೀಳುವ ಹಣ, ಬೆಂಕಿ ರೇಖೆಯ ಹಣ, ವಾಚರುಗಳ ಕೂಲಿ ನವೆಂಬರಿನಲ್ಲೇ ಕೈಸೇರಲಿ. ಆಗ ಮಣ್ಣು ಇನ್ನೂ ಮೆತ್ತಗಿರುತ್ತದೆ, ಬೇರು ಸಲೀಸಾಗಿ ಬರುತ್ತದೆ.