ನೀವು ಯಾವ ಚರ್ಚಿನವರು?

ಇವತ್ತಿನ ಪಾಠಕ್ಕೆ ಎರಡು ಭಾಗ ಓದಿಕೊಳ್ಳಬೇಕು. 1 ಕೊರಿಂಥದವರಿಗೆ 3ನೇ ಅಧ್ಯಾಯ 21ರಿಂದ 23, ಮತ್ತು ಅಪೊಸ್ತಲರ ಕೃತ್ಯಗಳು 18ನೇ ಅಧ್ಯಾಯ 24ರಿಂದ 28. ಬೈಬಲ್ ತೆರೆದಿಟ್ಟುಕೊಳ್ಳಿ, ನಾನು ಹೇಳ್ತಾ ಹೋದಂಗ ನೀವು ನೋಡ್ತಾ ಬರ್ರಿ.

ಈ ವಿಷಯ ಯಾಕೆ ತಗೊಂಡೆ ಅಂದ್ರೆ, ನಮ್ಮ ಹುಡುಗರು ಹುಡುಗಿಯರು ಈಗ ಊರಲ್ಲಿ ಇಲ್ಲ. ಮಟಕಿ, ಆಳಂದ ಬಿಟ್ಟು ಕಲಬುರಗಿ, ಪುಣೆ, ಮುಂಬೈ, ಹೈದರಾಬಾದ್, ಬೆಂಗಳೂರು ಅಂತ ಹೋಗಿದ್ದಾರೆ. ಕೆಲವರು ಓದಲಿಕ್ಕೆ, ಕೆಲವರು ದುಡಿಯಲಿಕ್ಕೆ. ಅಲ್ಲಿ ಒಂದು ಭಾನುವಾರ ಮೆಥೋಡಿಸ್ಟ್ ಚರ್ಚ್, ಇನ್ನೊಂದು ಭಾನುವಾರ ಸಿ.ಎಸ್.ಐ., ಗೆಳತಿ ಕರೆದಳು ಅಂತ ಒಂದು ದಿನ ಕ್ಯಾಥೋಲಿಕರ ಪೂಜೆ, ಆಮೇಲೆ ದೊಡ್ಡ ಹಾಲಿನಲ್ಲಿ ಗಿಟಾರು, ಡ್ರಮ್ಮು ಇರುವ ಇಂಗ್ಲಿಷ್ ಆರಾಧನೆ. ಕ್ರಿಸ್‌ಮಸ್‌ಗೆ ಊರಿಗೆ ಬಂದಾಗ ಮನೆಯಲ್ಲಿ ಜಗಳ. "ನೀ ಈಗ ಯಾವ ಚರ್ಚಿನಾಕಿ?" ಅಂತ ಅವ್ವ ಕೇಳ್ತಾಳ. "ಅಲ್ಲಿ ನಾ ನಾನಾಗಿ ಇರ್ತೀನವ್ವಾ" ಅಂತಾಳ ಮಗಳು. ಅವ್ವ ಅಳ್ತಾಳ. ಹಿರಿಯರು "ಹಿಂಜಾರಿ ಹೋದಳು" ಅಂತ ಹೇಳಿಬಿಡ್ತಾರೆ.

ದೇವಜನರೇ, ಆ ಮಾತು ಅಷ್ಟು ಬೇಗ ಹೇಳಬ್ಯಾಡ್ರಿ. ಆ ಮಗಳ ಪ್ರಶ್ನೆ ಸಣ್ಣದಲ್ಲ. ನಮ್ಮ ಕಡೆ ಎಷ್ಟೋ ಮಂದಿಗೆ ಶಾಲೆಯ ದಾಖಲೆಯಲ್ಲಿ ಒಂದು ಹೆಸರು, ಸಭೆಯಲ್ಲಿ ಒಂದು ಹೆಸರು, ಊರವರು ಕರೆಯೋ ಹೆಸರು ಮತ್ತೊಂದು. ತಾನು ಯಾರು ಅನ್ನೋದನ್ನ ಹುಟ್ಟಿದಾಗಿನಿಂದ ಬೇರೆಯವರೇ ಹೇಳ್ತಾ ಬಂದಿದ್ದಾರೆ. ಅಂಥವಳು ಅದನ್ನ ತಾನೇ ಹುಡುಕಲಿಕ್ಕೆ ಹೊರಟರೆ, ಸಿಟ್ಟಿಗೇಳುವ ಮುಂಚೆ ಕುಳಿತು ಕೇಳಬೇಕು.

ಕೊರಿಂಥ ಸಭೆಯಲ್ಲೂ ಇದೇ ಗಲಾಟೆ ಇತ್ತು. ಒಬ್ಬ ತಾನು ಪೌಲನ ಕಡೆಯವನು ಅಂತಿದ್ದ, ಇನ್ನೊಬ್ಬ ಅಪೊಲ್ಲೋಸನ ಕಡೆ, ಮತ್ತೊಬ್ಬ ಕೇಫನ ಕಡೆ. ಪೌಲನು ಕೊಟ್ಟ ಉತ್ತರ ನೋಡ್ರಿ. ಯಾರ ಕಡೆ ಹೋಗಬೇಕು ಅಂತ ಆತ ಹೇಳೋದಿಲ್ಲ. ಮಾತನ್ನೇ ತಿರುಗಿಸಿಬಿಡ್ತಾನೆ. ನೀವು ಅವರ ಸೊತ್ತಲ್ಲ, ಅವರೆಲ್ಲ ನಿಮಗಾಗಿ ಕೊಟ್ಟವರು, ನೀವಾದರೋ ಕ್ರಿಸ್ತನ ಸೊತ್ತು ಅನ್ನೋದು ಆ ಮೂರು ವಚನಗಳ ಸಾರ. ಇದನ್ನ ಮನಸ್ಸಿನಲ್ಲಿಟ್ಟುಕೊಂಡು ಒಬ್ಬ ತಾಯಿಯ ಜೀವನ ನೋಡೋಣ.

ಪಂಡಿತಾ ರಮಾಬಾಯಿ. 1858ರಲ್ಲಿ ಹುಟ್ಟಿದ್ದು ನಮ್ಮ ಪಶ್ಚಿಮ ಘಟ್ಟದ ಗಂಗಾಮೂಲದ ಕಾಡಿನಲ್ಲಿ. ಮನೆಮಾತು ಮರಾಠಿ, ಕನ್ನಡವೂ ಗೊತ್ತಿತ್ತು. ತಂದೆ ಅನಂತ ಶಾಸ್ತ್ರಿ ಡೋಂಗ್ರೆ. ಹೆಂಗಸರು ಸಂಸ್ಕೃತ ಕಲಿಯಬಾರದು ಅಂತಿದ್ದ ಆ ಕಾಲದಲ್ಲಿ ಹೆಂಡತಿಗೂ ಮಗಳಿಗೂ ಕಲಿಸಿದ ಮನುಷ್ಯ. ಬರಗಾಲದಲ್ಲಿ ತಂದೆ, ತಾಯಿ, ಅಕ್ಕ ಎಲ್ಲರೂ ತೀರಿಹೋದರು. ಅಣ್ಣನ ಜೊತೆ ಕಾಲ್ನಡಿಗೆಯಲ್ಲಿ ದೇಶ ಸುತ್ತಿ 1878ರಲ್ಲಿ ಕಲ್ಕತ್ತಾ ಮುಟ್ಟಿದರು. ಅಲ್ಲಿಯ ಪಂಡಿತರು ಪರೀಕ್ಷೆ ಮಾಡಿ ಸರಸ್ವತಿ ಅನ್ನೋ ಬಿರುದು ಕೊಟ್ಟರು. ಆಮೇಲೆ ಅಣ್ಣ ಹೋದ, ಮದುವೆಯಾದ ಗಂಡನೂ 1882ರಲ್ಲಿ ಹೋದ. ಕೈಯಲ್ಲಿ ಒಂದು ಹೆಣ್ಣು ಕೂಸು, ಮನೋರಮಾ.

1883ರಲ್ಲಿ ಇಂಗ್ಲೆಂಡಿಗೆ ಹೋದರು. ವಾಂಟೇಜ್ ಅನ್ನೋ ಊರಿನಲ್ಲಿ ಆಂಗ್ಲಿಕನ್ ಸನ್ಯಾಸಿನಿಯರ ಮಠದಲ್ಲಿ ಉಳಿದರು. ಆ ಸಿಸ್ಟರ್‌ಗಳು ಲಂಡನ್ನಿನ ಫುಲ್‌ಹ್ಯಾಮ್‌ನಲ್ಲಿ, ದಾರಿ ತಪ್ಪಿದವರು ಅಂತ ಜನ ದೂರ ಇಟ್ಟ ಹೆಂಗಸರಿಗೆ ಆಶ್ರಯಮನೆ ನಡೆಸ್ತಿದ್ದರು. ರಮಾಬಾಯಿ ಅದನ್ನ ಕಣ್ಣಾರೆ ಕಂಡರು. ಇಂಥ ಹೆಂಗಸರನ್ನ ಪ್ರೀತಿಯಿಂದ ಎತ್ತಿಕೊಳ್ಳುವವರೂ ಇದ್ದಾರಾ ಅಂತ ಆಶ್ಚರ್ಯಪಟ್ಟರು. ಸಮಾರ್ಯದ ಸ್ತ್ರೀಯ ಕಥೆ, ಯೋಹಾನ 4, ಅಲ್ಲಿ ಅವರ ಹೃದಯಕ್ಕೆ ತಾಗಿತು. ಅದೇ ವರ್ಷ ಸೆಪ್ಟೆಂಬರ್ 29ಕ್ಕೆ ಮಗಳ ಜೊತೆ ದೀಕ್ಷಾಸ್ನಾನ.

ನಾವು ಸಾಕ್ಷಿ ಹೇಳುವಾಗ ಇಲ್ಲಿಗೆ ಹಲ್ಲೆಲೂಯ ಅಂತ ಮುಗಿಸಿಬಿಡ್ತೀವಿ. ರಮಾಬಾಯಿಯವರ ಕಷ್ಟ ಶುರುವಾದದ್ದೇ ಇಲ್ಲಿಂದ. ಸಿಸ್ಟರ್‌ಗಳು ಸಭೆಯ ಬೋಧನೆಗೆಲ್ಲ ತಲೆಬಾಗು ಅಂದರು. ಒಂದು ಪುರೋಹಿತರ ನೊಗ ಕಷ್ಟಪಟ್ಟು ಕಳಚಿ ಬಂದೀನಿ, ಅಂಥದ್ದೇ ಇನ್ನೊಂದು ನೊಗಕ್ಕೆ ಹೆಗಲು ಕೊಡಲಾರೆ ಅನ್ನೋ ಅರ್ಥದಲ್ಲಿ ಇವರು ಬರೆದರು. ಮಾಂಸ ಮುಟ್ಟಲಿಲ್ಲ, ಸೀರೆ ಬಿಡಲಿಲ್ಲ. ಶಿಲುಬೆಯ ಮೇಲೆ ಲ್ಯಾಟಿನ್ ಅಕ್ಷರ ಯಾಕೆ, ನಮ್ಮ ಸಂಸ್ಕೃತಕ್ಕೆ ಏನು ಕಡಿಮೆ ಅಂತ ಕೇಳಿದರು. ಚೆಲ್ಟನ್‌ಹ್ಯಾಮ್ ಕಾಲೇಜಿನಲ್ಲಿದ್ದಾಗ ಗಂಡಸರಿಗೂ ಪಾಠ ಹೇಳುವ ಮಾತು ಬಂತು. ಭಾರತದಲ್ಲಿದ್ದ ಬಿಷಪ್ಪರು ಬೇಡ ಅಂದರು. ಕಲ್ಕತ್ತಾದ ಪಂಡಿತರ ಸಭೆಯಲ್ಲಿ ಮಾತಾಡಿ ಬಂದ ಹೆಣ್ಣುಮಗಳಿಗೆ!

ಸುತ್ತ ನೋಡಿದರೆ ಪಂಗಡಗಳ ಸಂತೆ. ಆಂಗ್ಲಿಕನ್ನರಲ್ಲೇ ಹೈ ಚರ್ಚ್ ಒಂದು, ಲೋ ಚರ್ಚ್ ಒಂದು. ಹೊರಗೆ ಬ್ಯಾಪ್ಟಿಸ್ಟರು, ಮೆಥೋಡಿಸ್ಟರು, ಪ್ರೆಸ್ಬಿಟೇರಿಯನ್ನರು, ಕ್ವೇಕರರು. 1886ರಲ್ಲಿ ಅಮೆರಿಕಕ್ಕೆ ಹೋದರೆ ಅಲ್ಲಿ ಯೂನಿಟೇರಿಯನ್ನರು. ಎಲ್ಲರ ಜೊತೆ ಕುಳಿತು ಕೇಳಿದರು. ತಲೆ ಗೊಂದಲವಾಯಿತು ಅಂತ ಮುಂದೆ ತಮ್ಮ ಸಾಕ್ಷಿಯಲ್ಲಿ ಅವರೇ ಬರೆದಿದ್ದಾರೆ. ಊರೂರು ಚರ್ಚು ಸುತ್ತುತ್ತಿರುವ ನಮ್ಮ ಮಕ್ಕಳೇ, ಈ ಗೊಂದಲ ನಿಮಗೆ ಮೊದಲು ಬಂದದ್ದಲ್ಲ.

1889ರಲ್ಲಿ ಮುಂಬೈಯಲ್ಲಿ ವಿಧವೆಯರಿಗೆ ಶಾರದಾ ಸದನ ತೆರೆದರು. ಸುಮಾರು 1891ರಲ್ಲಿ, ದೀಕ್ಷಾಸ್ನಾನವಾಗಿ ಎಂಟು ವರ್ಷದ ಮೇಲೆ, ಒಂದು ವಿಷಯ ಗೊತ್ತಾಯಿತು. ತನಗೆ ಕ್ರೈಸ್ತ ಧರ್ಮ ಸಿಕ್ಕಿದೆ, ಕ್ರಿಸ್ತನೇ ಇನ್ನೂ ಸಿಕ್ಕಿಲ್ಲ ಅಂತ. ಆಗ ಅವರು ಓದುತ್ತಿದ್ದದ್ದು ವಿಲಿಯಂ ಹ್ಯಾಸ್ಲಮ್ ಅನ್ನೋ ಆಂಗ್ಲಿಕನ್ ಪಾದ್ರಿಯ ಪುಸ್ತಕ. ಈ ಪಾದ್ರಿ 1851ರಲ್ಲಿ ತಾನೇ ಪ್ರಸಂಗ ಮಾಡ್ತಾ ಇರುವಾಗ ತಾನೇ ಮಾರ್ಪಟ್ಟ ಮನುಷ್ಯ. (ನಮ್ಮಂಥ ಪ್ರಸಂಗಿಗಳು ನೆನಪಿಡಬೇಕಾದ ಸಂಗತಿ.) ಅಂದರೆ ಯಾವ ಸಭೆಯ ನೊಗ ಬೇಡ ಅಂದಿದ್ದರೋ ಅದೇ ಸಭೆಯ ಒಬ್ಬನಿಂದಲೇ ಅವರಿಗೆ ಬೆಳಕು ಬಂತು. ಪೌಲ, ಅಪೊಲ್ಲೋಸ, ಕೇಫ ಎಲ್ಲರೂ ನಿಮಗಾಗಿ ಅನ್ನೋದು ಹೀಗೆ. ಆಂಗ್ಲಿಕನ್ ಸಿಸ್ಟರ್‌ಗಳು ಅವರಿಗೆ ಆಶ್ರಯ ಕೊಟ್ಟರು, ಯೋಹಾನ 4 ಕೊಟ್ಟರು. ಅಮೆರಿಕದ ಬೇರೆ ಬೇರೆ ಸಭೆಗಳವರು ಹಣ ಕೊಟ್ಟರು. ಮೆಥೋಡಿಸ್ಟರಿಂದ ಮಿನ್ನಿ ಅಬ್ರಾಮ್ಸ್ ಅನ್ನೋ ಸಹೋದರಿ ಬಂದರು. ರಮಾಬಾಯಿ ಎಲ್ಲವನ್ನೂ ತಗೊಂಡರು, ಯಾರ ಸೊತ್ತೂ ಆಗಲಿಲ್ಲ.

ಆದರೆ ಒಂದು ಮಾತು. ಅವರು ಸುತ್ತುತ್ತಲೇ ಉಳಿಯಲಿಲ್ಲ. ನಮ್ಮ ಗಾಡಿ ಸೊಲ್ಲಾಪುರ, ದೌಂಡ್ ದಾಟಿ ಪುಣೆ ಕಡೆ ಹೋಗುವಾಗ ಕೇಡಗಾಂವ ಅಂತ ಸಣ್ಣ ಸ್ಟೇಷನ್ ಬರ್ತದ. 1896–97ರ ಬರದಲ್ಲಿ ಮಧ್ಯಪ್ರಾಂತ್ಯದಿಂದ ಸುಮಾರು 300 ಹೆಣ್ಣುಮಕ್ಕಳನ್ನ ಕರೆತಂದು ಅಲ್ಲಿ ಮುಕ್ತಿ ಮಿಷನ್ ಕಟ್ಟಿದರು. 1900ರ ಹೊತ್ತಿಗೆ ಸಾವಿರಕ್ಕೂ ಹೆಚ್ಚು ಮಂದಿ. ಅವರಿಗೆ ಊಟ ಹಾಕಬೇಕು, ಬಾವಿ ತೋಡಿಸಬೇಕು, ಅಕ್ಷರ ಕಲಿಸಬೇಕು. 1905ರ ಜೂನಿನಲ್ಲಿ ಅಲ್ಲಿ ಪವಿತ್ರಾತ್ಮನ ಉಜ್ಜೀವನ ಬಂತು. ಅಜುಸಾ ಬೀದಿಯ ಉಜ್ಜೀವನ 1906ರದ್ದು, ಇದು ಅದಕ್ಕೂ ಮುಂಚೆ! ಅಬ್ರಾಮ್ಸ್ ಬರೆದ ಸಣ್ಣ ಪುಸ್ತಕ ದಕ್ಷಿಣ ಅಮೆರಿಕದ ಚಿಲಿ ದೇಶಕ್ಕೆ ಹೋಗಿ ಅಲ್ಲಿ 1909ರ ಉಜ್ಜೀವನಕ್ಕೆ ಕಿಡಿಯಾಯಿತು. ರಮಾಬಾಯಿ ಮಾತ್ರ ತಾನು ಅನ್ಯಭಾಷೆ ಆಡಿದೆ ಅಂತ ಹೇಳಿಕೊಳ್ಳಲಿಲ್ಲ, ಆಡಿದ ಹುಡುಗಿಯರನ್ನ ತಡೆಯಲೂ ಇಲ್ಲ. ಪೆಂಟೆಕೋಸ್ಟಲ್ ಆದ ನಾನು ಇದನ್ನ ಮುಚ್ಚಿಡೋದಿಲ್ಲ.

ಸಂಸ್ಕೃತ ಪಂಡಿತೆ ಕಡೆಗೆ ತನ್ನ ದನಿ ಕಂಡುಕೊಂಡದ್ದು ಎಲ್ಲಿ ಗೊತ್ತೇನ್ರಿ? ಹಳ್ಳಿಯ ಹೆಂಗಸರ ಸರಳ ಮರಾಠಿಯಲ್ಲಿ. ಇಬ್ರಿಯ, ಗ್ರೀಕ್ ಕಲಿತು ಇಡೀ ಬೈಬಲನ್ನ ಆ ಭಾಷೆಗೆ ತಂದರು. ಮುಕ್ತಿಯ ಹೆಣ್ಣುಮಕ್ಕಳೇ ಅಚ್ಚು ಹಾಕಿದರು. ನಮ್ಮ ಗುಲ್ಬರ್ಗಕ್ಕೂ ಬಂದರು. 1912–13ರ ಹೊತ್ತಿಗೆ ಇಲ್ಲಿ ಶಾಲೆ ತೆರೆದರು, ಮನೋರಮಾ ಅದನ್ನ ನಡೆಸಿದರು. ಮಗಳು 1921ರಲ್ಲಿ, ತಾಯಿ 1922ರ ಏಪ್ರಿಲ್ 5ರಂದು ಕರ್ತನ ಬಳಿಗೆ ಹೋದರು.

ಈಗ ನಿಮ್ಮನ್ನ ಕೇಳ್ತೀನಿ ತಮ್ಮ, ತಂಗಿ. "ಅಲ್ಲಿ ನಾನಾಗಿ ಇರ್ತೀನಿ" ಅಂದ್ರಲ್ಲ, ಅಲ್ಲಿ ನಿಮ್ಮ ಹೆಸರು ಯಾರಿಗೆ ಗೊತ್ತದ? ಎರಡು ವಾರ ಬರದಿದ್ದರೆ ಯಾರು ಫೋನ್ ಮಾಡ್ತಾರ? ಸಂಗೀತ ಚಂದ ಅಂತ ಹೋಗಿ, ಕಸ ಗುಡಿಸಲಿಕ್ಕೆ ಕರೆದ ದಿನ ಚರ್ಚು ಬದಲಿಸಿದರೆ, ಅದು ಹುಡುಕಾಟ ಅಲ್ಲ.

ಹಿರಿಯರಿಗೂ ಕೇಳ್ತೀನಿ. ಆಕೆ ಇಲ್ಲಿ ಯಾಕೆ ತಾನಾಗಿ ಇರಲಿಲ್ಲ? ಎಷ್ಟೋ ಸಭೆಗಳಲ್ಲಿ ಹೆಣ್ಣುಮಗಳಿಗೆ ಚಾಪೆ ಹಾಸುವ ಕೆಲಸ ಅದ, ಸಾಕ್ಷಿ ಹೇಳಲಿಕ್ಕೆ ಮೈಕ್ ಇಲ್ಲ. ಅಪೊಸ್ತಲರ ಕೃತ್ಯಗಳು 18 ನೋಡ್ರಿ. ಅಪೊಲ್ಲೋಸ ದೊಡ್ಡ ವಾಗ್ಮಿ, ಆದರೆ ತಿಳುವಳಿಕೆ ಅರ್ಧ. ಪ್ರಿಸ್ಕಿಲ್ಲ, ಅಕ್ವಿಲ ಆತನನ್ನ ಎಲ್ಲರ ಮುಂದೆ ಬೈಯಲಿಲ್ಲ, ಕರಕೊಂಡು ಹೋಗಿ ವಿವರಿಸಿದರು. ಕಲಿಸಿದವರಲ್ಲಿ ಒಬ್ಬಾಕೆ ಹೆಂಗಸು. ಆತ ಅಖಾಯಕ್ಕೆ ಹೋಗ್ತೀನಿ ಅಂದಾಗ ಎಫೆಸದ ಸಹೋದರರು ತಡೆಯಲಿಲ್ಲ. ಇವನನ್ನ ಸೇರಿಸಿಕೊಳ್ಳಿ ಅಂತ ಅಲ್ಲಿಯ ಶಿಷ್ಯರಿಗೆ ಪತ್ರ ಬರೆದು ಕಳಿಸಿದರು.

ಅದಕ್ಕೆ ಈ ತಿಂಗಳಿಂದ ನಮ್ಮ ಸಭೆಯಲ್ಲಿ ಹಿಂಗ ಮಾಡೋಣ. ಊರು ಬಿಟ್ಟು ಹೋಗುವವರು, ಬೇರೆ ಊರಲ್ಲಿ ಬೇರೆ ಸಭೆ ಸೇರಬೇಕು ಅನ್ನುವವರು ಕದ್ದು ಹೋಗಬ್ಯಾಡ್ರಿ. ಆರಾಧನೆ ಮುಗಿದ ಮೇಲೆ ನನ್ನ ಹತ್ತಿರ ಬರ್ರಿ, ಯಾವ ಪಂಗಡ ಆದರೂ ಸರಿ, ಪತ್ರ ಬರೆದು ಕೊಡ್ತೀನಿ. ನಿಮ್ಮಲ್ಲಿ ಏನು ವರ ಅದ, ಹಾಡ್ತೀರಾ, ಮಕ್ಕಳಿಗೆ ಕಲಿಸ್ತೀರಾ, ಅದನ್ನೂ ಬರೀತೀನಿ. ಇವತ್ತು ಸಾಕ್ಷಿ ಹೇಳಬೇಕು ಅನ್ನೋ ತಂಗಿಯರು ಇದ್ದರೆ ಮುಂದೆ ಬರ್ರಿ, ಮೈಕ್ ಇಲ್ಲೇ ಅದ. ಆಮೇಲೆ ಪ್ರಾರ್ಥನೆ ಮಾಡೋಣ.