ಹಿಡಿಯಕ್ಕಿಯ ದಾಸೋಹ

ದಾನ, ದಾಸೋಹ ಇವೆರಡೂ ಕೊಡುವ ಕ್ರಿಯೆಗಳೇ ಆದರೂ ಅವುಗಳ ಭಾವದಲ್ಲಿ ಅಂತರವುಂಟು. ದಾನದಲ್ಲಿ ಕೊಡುವವನು ಮೇಲು, ಕೊಳ್ಳುವವನು ಕೀಳು ಎಂಬ ಭೇದವು ಉಳಿಯಬಹುದು. ದಾಸೋಹವಾದರೋ ‘ದಾಸೋಽಹಂ’, ಎಂದರೆ ‘ನಾನು ದಾಸನು’ ಎಂಬ ಅರಿವಿನಿಂದ ಹುಟ್ಟಿದುದು. ಮುಂದೆ ನಿಂತವನು ಬಡವನೆಂದು ಕೊಡುವುದಲ್ಲ, ಜಂಗಮಸ್ವರೂಪನೆಂದು ಸಲ್ಲಿಸುವುದು. ಹೀಗಿರುವಲ್ಲಿ ಕೊಟ್ಟ ವಸ್ತುವಿನ ತೂಕದಿಂದ ದಾಸೋಹವನ್ನು ಅಳೆಯುವುದು ಯುಕ್ತವಲ್ಲ. ಆದರೂ ‘ದಾಸೋಹ ಸಿರಿವಂತರ ಕಾರ್ಯ, ನಮ್ಮಂಥ ಸಂಸಾರಿಗಳಿಂದ ಆಗುವುದೇನು?’ ಎಂದು ಹಿಂಜರಿಯುವವರು ಅನೇಕರು. ಈ ಹಿಂಜರಿಕೆ ಸಾಧುವೇ ಎಂಬುದನ್ನು ವಿಚಾರಿಸಬೇಕು.

ಆಯ್ದಕ್ಕಿ ಮಾರಯ್ಯ ಲಕ್ಕಮ್ಮ ದಂಪತಿಗಳ ಚರಿತ್ರೆ ಇದಕ್ಕೆ ಉತ್ತರವಾಗಿದೆ. ಕಲ್ಯಾಣದಲ್ಲಿ ಬಸವಣ್ಣನವರ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಮಾರಯ್ಯನ ಕಾಯಕ. ಅದನ್ನೇ ಅಟ್ಟು ಜಂಗಮರಿಗೆ ಸಲ್ಲಿಸಿ, ಉಳಿದ ಪ್ರಸಾದವನ್ನು ಸ್ವೀಕರಿಸುವುದು ಆ ಮನೆಯ ನೇಮ. ಒಂದು ದಿನ ಮಾರಯ್ಯನು ವಾಡಿಕೆಗಿಂತ ಹೆಚ್ಚು ಅಕ್ಕಿಯನ್ನು ತಂದನು. ಲಕ್ಕಮ್ಮನು ಸಂತೋಷಪಡಲಿಲ್ಲ. ನಾಳೆಯ ಆಸೆ ಭಕ್ತನಿಗೆ ಸಲ್ಲದೆಂದು ತಿಳಿಹೇಳಿ, ಹೆಚ್ಚಿನ ಅಕ್ಕಿಯನ್ನು ಎಲ್ಲಿಂದ ತಂದನೋ ಅಲ್ಲಿಗೇ ಮರಳಿ ಸುರಿದು ಬರುವಂತೆ ಮಾಡಿದಳು. ದಾಸೋಹಕ್ಕೆ ಬೇಕಾದುದು ಶುದ್ಧವಾದ ಗಳಿಕೆ ಮತ್ತು ಅಂದಂದಿನ ಅಗತ್ಯಕ್ಕೆ ತಕ್ಕ ನೀಡಿಕೆ. ರಾಶಿಯಲ್ಲ, ಹಿಡಿಯೇ ಸಾಕು ಎಂಬುದು ಇದರ ತಾತ್ಪರ್ಯ.

ಈ ಹಿಡಿಯ ಮಹಿಮೆಯನ್ನು ಬೆಂಗಳೂರಿನ ಹಳೆಯ ಬಡಾವಣೆಗಳೂ ಕಂಡಿವೆ. 1892ರಲ್ಲಿ ಚಾಮರಾಜಪೇಟೆಯೂ, 1898ರ ಪ್ಲೇಗಿನ ಕಾಲದಲ್ಲಿ ಬಸವನಗುಡಿ ಮಲ್ಲೇಶ್ವರಗಳೂ ರೂಪುಗೊಂಡವು. ವಿದ್ಯೆಯನ್ನು ಅರಸಿ ಹಳ್ಳಿಗಳಿಂದ ನಗರಕ್ಕೆ ಬಂದ ಬಡ ಹುಡುಗರಿಗೆ ಅಂದು ಆಧಾರವಾಗಿದ್ದುದು ವಾರಾನ್ನದ ಪದ್ಧತಿ. ಸೋಮವಾರ ಒಂದು ಮನೆ, ಮಂಗಳವಾರ ಮತ್ತೊಂದು ಮನೆ. ಹೀಗೆ ಏಳು ಮನೆಗಳು ಸೇರಿದರೆ ಒಬ್ಬ ವಿದ್ಯಾರ್ಥಿಯ ವಾರ ಕಳೆಯುತ್ತಿತ್ತು. ಗೃಹಿಣಿಗೆ ವಾರಕ್ಕೊಂದು ದಿನ ಒಂದು ಎಲೆ ಹೆಚ್ಚು. ಹುಡುಗನಿಗಾದರೋ ಅದೇ ಪರೀಕ್ಷೆಯವರೆಗಿನ ದಾರಿ.

ಆದರೆ ಈ ಪದ್ಧತಿಯ ಮತ್ತೊಂದು ಮುಖವನ್ನು ಮರೆಮಾಡಲಾಗದು. ಅದು ಬಹುಮಟ್ಟಿಗೆ ಜಾತಿಯ ಎಲ್ಲೆಯೊಳಗೇ ನಡೆಯಿತು. ಕೆಲವು ಮನೆಗಳಲ್ಲಿ ತಾಯಿಯಂತೆ ಬಡಿಸಿದರು. ಕೆಲವೆಡೆ ಹುಡುಗನು ನೀರು ಸೇದಿ, ಎಲ್ಲರ ಊಟ ಮುಗಿಯುವವರೆಗೆ ಜಗಲಿಯಲ್ಲಿ ಕಾದು, ಚುಚ್ಚುಮಾತಿನೊಡನೆ ತುತ್ತು ನುಂಗಬೇಕಾಗುತ್ತಿತ್ತು. ಎರಡು ಮನೆಗಳ ಅನ್ನವೂ ಹಸಿವನ್ನು ನೀಗಿತು. ಆದರೆ ಒಂದು ಮನೆಯದು ದಾಸೋಹವಾಯಿತು, ಇನ್ನೊಂದು ಮನೆಯದು ಋಣವಾಯಿತು. ಅನ್ನ ಒಂದೇ; ಕೊಟ್ಟ ಬಗೆ ಬೇರೆ.

ಇದೇ ನಗರದ ವರ್ತಕರಾದ ಗುಬ್ಬಿ ತೋಟದಪ್ಪನವರು ರೈಲು ನಿಲ್ದಾಣದ ಎದುರಿಗೆ ಕಟ್ಟಿಸಿದ ಧರ್ಮಛತ್ರವು 1903ರಲ್ಲಿ ತೆರೆಯಿತು. ಬಡ ವಿದ್ಯಾರ್ಥಿಗಳಿಗೆ ಉಚಿತ ವಸತಿಯೂ ಅವರ ಧರ್ಮದಿಂದ ಏರ್ಪಟ್ಟಿತು. ಕಟ್ಟಡ ದೊಡ್ಡದು, ಧನವೂ ದೊಡ್ಡದು, ನಿಜ. ಆದರೆ ತೋಟದಪ್ಪನವರ ಕಣ್ಣಿಗೆ ಬಿದ್ದುದು ಸಣ್ಣ ಕಷ್ಟವೇ: ರೈಲಿನಿಂದ ಇಳಿದ ಪರಸ್ಥಳದವನಿಗೆ ಆ ಒಂದು ರಾತ್ರಿ ತಲೆಯೂರಲು ಎಡೆಯಿಲ್ಲ. ಮೊದಲು ಕಾಣಬೇಕಾದುದು ಕಷ್ಟ. ಕೈಯಳತೆಯ ವಿಚಾರ ಆಮೇಲಿನದು.

ಅಂಥ ಸಣ್ಣ ಕಷ್ಟಗಳು ಇಂದಿಗೂ ಬಾಗಿಲ ಮುಂದೆಯೇ ಇವೆ. ಕೋಟೆಯ ಸಮೀಪದಲ್ಲಿ 1900ರಲ್ಲಿ ತೆರೆದ ವಿಕ್ಟೋರಿಯಾ ಆಸ್ಪತ್ರೆ, 1935ರ ವಾಣಿವಿಲಾಸ ಆಸ್ಪತ್ರೆ, ಚಾಮರಾಜಪೇಟೆಯ ಮಿಂಟೋ ಕಣ್ಣಾಸ್ಪತ್ರೆ ಇವುಗಳಿಗೆ ದೂರದೂರದಿಂದ ಬಡವರು ಬರುತ್ತಾರೆ. ರೋಗಿಯನ್ನು ವೈದ್ಯರು ನೋಡಿಕೊಳ್ಳುತ್ತಾರೆ. ಜೊತೆಗೆ ಬಂದವರ ಗತಿ? ಹೆರಿಗೆಗೆ ಮಗಳನ್ನು ಕರೆತಂದ ತಾಯಿಗೆ ಎರಡು ಹೊತ್ತಿನ ಊಟ, ಕೂಲಿಯನ್ನು ಬಿಟ್ಟು ಬಂದ ತಂದೆಗೆ ಊರಿಗೆ ಮರಳಲು ಬಸ್ಸಿನ ಹಣ, ಹಲಗೆಯ ಮೇಲಿನ ಅಕ್ಷರ ಕಾಣದ ಬಾಲಕನಿಗೆ ಒಂದು ಕನ್ನಡಕ, ಇವು ಯಾವ ಸಂಸಾರಿಯ ಶಕ್ತಿಗೂ ಮೀರಿದವಲ್ಲ.

ಇಂಥ ಸೇವೆಯಲ್ಲಿ ಮೂರು ವಿಷಯಗಳನ್ನು ಗಮನಿಸತಕ್ಕದ್ದು. ಮೊದಲನೆಯದು ಕಾಲ: ಪರೀಕ್ಷೆಯ ಶುಲ್ಕ ಕಟ್ಟುವ ದಿನ ಕಳೆದ ಮೇಲೆ ಬಂದ ಹತ್ತರಷ್ಟು ಹಣವೂ ವ್ಯರ್ಥ. ಎರಡನೆಯದು ಅಗತ್ಯ: ತನ್ನಲ್ಲಿ ಬೇಡವಾದುದನ್ನು ಕೊಡುವುದಲ್ಲ, ಅವರಿಗೆ ಬೇಕಾದುದನ್ನು ಕೇಳಿ ತಿಳಿದು ಕೊಡುವುದು. ಔಷಧ ಬೇಕಾದವನಿಗೆ ಹಳೆಯ ಬಟ್ಟೆ ಕೊಟ್ಟರೆ ಹಗುರವಾಗುವುದು ಕೊಟ್ಟವನ ಪೆಟ್ಟಿಗೆಯೇ ಹೊರತು ಕೊಂಡವನ ಭಾರವಲ್ಲ. ಮೂರನೆಯದು ಗೌರವ: ನಾಲ್ವರ ಮುಂದೆ ಕೊಡದಿರುವುದು, ಕೊಟ್ಟುದನ್ನು ಮತ್ತೆ ನೆನಪಿಸದಿರುವುದು, ಉಪದೇಶವನ್ನು ಬೆಲೆಯಾಗಿ ಕಟ್ಟದಿರುವುದು. ಮೂರರಲ್ಲಿಯೂ ಕಠಿಣವಾದುದು ಈ ಕೊನೆಯದೇ. ಹಣವನ್ನು ಬಿಟ್ಟುಕೊಡುವುದಕ್ಕಿಂತ ‘ನಾನು ಕೊಟ್ಟೆ’ ಎಂಬುದನ್ನು ಬಿಟ್ಟುಕೊಡುವುದು ಕಷ್ಟತರ.

ಹಿಡಿಯಕ್ಕಿಯಿಂದ ನಾಡಿನ ಬಡತನ ನೀಗೀತೇ, ಅದು ಸರ್ಕಾರದ ಹೊಣೆಯಲ್ಲವೇ ಎಂದು ಕೆಲವರು ಆಕ್ಷೇಪಿಸುವರು. ಹೊಣೆ ಸರ್ಕಾರದ್ದೂ ಹೌದು. 2002ರಲ್ಲಿ ಆರಂಭವಾದ ಶಾಲಾ ಬಿಸಿಯೂಟದ ಯೋಜನೆಗೆ ‘ಅಕ್ಷರ ದಾಸೋಹ’ ಎಂಬ ಹೆಸರನ್ನೇ ಇಟ್ಟಿರುವುದು ಶರಣರ ಮಾತಿಗೆ ಸಂದ ಮನ್ನಣೆ. ಆದರೆ ಯೋಜನೆ ಪಟ್ಟಿಯನ್ನು ನೋಡಿ ನಡೆಯುತ್ತದೆ. ಇಂದು ರಾತ್ರಿಯ ಹಸಿವು ಪಟ್ಟಿಯಲ್ಲಿ ಹೆಸರು ಸೇರುವವರೆಗೆ ಕಾಯುವುದಿಲ್ಲ. ಆ ನಡುವಿನ ತೆರಪನ್ನು ನೆರೆಯವನ ಕೈಯೇ ತುಂಬಬೇಕು.

ಹಿಡಿಗಳು ಕೂಡಿದರೆ ಏನಾಗಬಲ್ಲುದೆಂಬುದಕ್ಕೆ ಬೆಂಗಳೂರಿನಿಂದ ದೂರವಲ್ಲದ ತುಮಕೂರಿನ ಸಿದ್ಧಗಂಗೆಯೇ ಸಾಕ್ಷಿ. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದಿ, 1930ರಲ್ಲಿ ವಿರಕ್ತಾಶ್ರಮವನ್ನು ಸ್ವೀಕರಿಸಿದ ಶ್ರೀ ಶಿವಕುಮಾರ ಸ್ವಾಮಿಗಳು 2019ರಲ್ಲಿ ಲಿಂಗೈಕ್ಯರಾಗುವವರೆಗೂ ಆ ಒಲೆ ಆರದಂತೆ ನಡೆಸಿದರು. ಜಾತಿಮತಗಳನ್ನೆಣಿಸದೆ ಸಾವಿರಾರು ಮಕ್ಕಳು ಅಲ್ಲಿ ಉಂಡು ಕಲಿತರು. ಆ ಕಣಜಕ್ಕೆ ರೈತರು ತಮ್ಮ ತಮ್ಮ ಹೊಲಗಳಿಂದ ಶಕ್ತ್ಯನುಸಾರ ತಂದೊಪ್ಪಿಸಿದ ರಾಗಿಯೂ ತೆಂಗೂ ತರಕಾರಿಯೂ ಸೇರಿದವು.

ಆದಕಾರಣ ಸದ್ಭಕ್ತರಾದ ಗೃಹಸ್ಥರು ದೊಡ್ಡ ಸಂಪತ್ತು ಕೂಡಿಬರಲೆಂದು ಕಾಯಬೇಕಾಗಿಲ್ಲ. ಒಲೆಗೆ ಅಕ್ಕಿ ಇಡುವಾಗ ಒಂದು ಹಿಡಿಯನ್ನು ಬೇರೆ ತೆಗೆದಿಟ್ಟು, ಬೀದಿಯಲ್ಲಿ ಅದು ಯಾರ ಪಾಲೆಂದು ಅರಿತು, ಸದ್ದಿಲ್ಲದೆ ಸಲ್ಲಿಸಿದರೆ ಆಯಿತು. ಲಕ್ಕಮ್ಮನ ಮನೆಯ ದಾಸೋಹವೂ ಅಷ್ಟರಿಂದಲೇ ನಡೆಯಿತು.