ಎದುರು ಕೌಂಟರ್‌ನವರು ಕರೆಯುತ್ತಿದ್ದಾರೆ, ಹೋಗಲೇ?

ಪ್ರಶ್ನೆ: ಮೇಡಂ, ನನಗೆ 27 ವರ್ಷ. ಊರು ತುಮಕೂರಿನ ಹತ್ತಿರ. ಬೆಂಗಳೂರಿನ ಒಂದು ದೊಡ್ಡ ಮೊಬೈಲ್ ಅಂಗಡಿಯಲ್ಲಿ ನಾಲ್ಕು ವರ್ಷ ನಾಲ್ಕು ತಿಂಗಳಿಂದ ಪ್ರಮೋಟರ್ ಆಗಿದ್ದೇನೆ, ಒಂದೇ ಕಂಪನಿಯ ಫೋನ್ ಮಾರುತ್ತೇನೆ. ಸಂಬಳ 16,500 ರೂಪಾಯಿ, ಇನ್ಸೆಂಟಿವ್ ಎರಡು ಮೂರು ಸಾವಿರ ಸಿಗುತ್ತದೆ. ಅದೇ ಅಂಗಡಿಯಲ್ಲಿ ನಮ್ಮ ಎದುರಿಗೇ ಕೌಂಟರ್ ಇರುವ ಇನ್ನೊಂದು ಕಂಪನಿಯ ಏರಿಯಾ ಮ್ಯಾನೇಜರ್ ಮೇಲಿಂದ ಮೇಲೆ ಫೋನ್ ಮಾಡುತ್ತಿದ್ದಾರೆ. 26,000 ಕೊಡಿಸುತ್ತೇನೆ, ಯುಗಾದಿ ಆಫರ್ ಶುರುವಾಗುವ ಮುಂಚೆ ಬಂದುಬಿಡಿ ಅನ್ನುತ್ತಾರೆ. ನನ್ನ ಹತ್ತಿರ ಇರುವ ಕಸ್ಟಮರ್ ನಂಬರ್‌ಗಳನ್ನೂ ತರಬೇಕಂತೆ. ಜೊತೆಯ ಇಬ್ಬರನ್ನು ಕರೆತಂದರೆ ಅದಕ್ಕೆ ಬೇರೆ ಹಣವಂತೆ. ನಮ್ಮ ಟೀಮ್ ಲೀಡರ್ ಸರ್‌ಗೆ ಸುಳಿವು ಸಿಕ್ಕಿದೆ. 'ಬಾಯಿ ಬಿಡೋಕೂ ಹೆದರುತ್ತಿದ್ದವಳನ್ನ ಕೌಂಟರ್‌ನಲ್ಲಿ ನಿಲ್ಲಿಸಿದ್ದು ನಾನು. ಬಿಟ್ಟು ಹೋದರೆ ಒಂದು ವರ್ಷ ಬೇರೆ ಬ್ರ್ಯಾಂಡ್ ಸೇರೋ ಹಾಗಿಲ್ಲ ಅಂತ ಸೈನ್ ಮಾಡಿದೀಯ, ಕೇಸ್ ಆಗುತ್ತೆ' ಅಂದರು. ಅವರು ಹೇಳಿದ ಮೊದಲನೇ ಮಾತು ನಿಜ. ಅದಕ್ಕೇ ನಿದ್ದೆ ಬರುತ್ತಿಲ್ಲ. ನಾನು ಮಾಡಲು ಹೊರಟಿರುವುದು ದ್ರೋಹವೇ ಮೇಡಂ? ಅಮ್ಮ ನನ್ನ ಜೊತೆಗೇ ಇದ್ದಾರೆ, ರಾಜಾಜಿನಗರ ಇಎಸ್‌ಐ ಆಸ್ಪತ್ರೆಯಲ್ಲಿ ಡಯಾಲಿಸಿಸ್ ನಡೆಯುತ್ತಿದೆ.
— ಹೆಸರು ಬೇಡ, ಬೆಂಗಳೂರು

ಉತ್ತರ: ದ್ರೋಹ ಹೌದೋ ಅಲ್ಲವೋ ಎಂದು ಕೇಳಲು ಇಡೀ ಪುಟ ಬರೆದಿದ್ದೀರಿ, ಅಮ್ಮನ ಡಯಾಲಿಸಿಸ್‌ಗೆ ಕೊನೆಯ ಒಂದು ಸಾಲು ಕೊಟ್ಟಿದ್ದೀರಿ. ನಾನು ಆ ಕೊನೆಯ ಸಾಲಿನಿಂದಲೇ ಶುರುಮಾಡುತ್ತೇನೆ, ಏಕೆಂದರೆ ನಿಮ್ಮ ತೀರ್ಮಾನ ನಿಂತಿರುವುದು ಅದರ ಮೇಲೆ.

ಇಎಸ್‌ಐಗೆ ಸಂಬಳದ ಮಿತಿ ತಿಂಗಳಿಗೆ 21,000 ರೂಪಾಯಿ. ಈಗ ನಿಮ್ಮ ಸಂಬಳದಿಂದ ಶೇ 0.75, ಮಾಲೀಕರ ಕಡೆಯಿಂದ ಶೇ 3.25 ಕಟ್ಟುತ್ತಿರುವುದರಿಂದ ಅಮ್ಮನಿಗೆ ಚಿಕಿತ್ಸೆ ನಡೆಯುತ್ತಿದೆ. ಇದ್ದ ಕೆಲಸದಲ್ಲೇ ಸಂಬಳ ಏರಿ ಮಿತಿ ದಾಟಿದರೆ ಆ ಅರ್ಧವರ್ಷ ಮುಗಿಯುವವರೆಗೆ, ಅಂದರೆ ಸೆಪ್ಟೆಂಬರ್ ಅಥವಾ ಮಾರ್ಚ್ ಕೊನೆಯವರೆಗೆ, ವಂತಿಗೆ ಕಟ್ಟುವುದು ಮುಂದುವರಿಯುತ್ತದೆ. ಆದರೆ ಹೊಸ ಕಡೆ 26,000ದ ಸಂಬಳಕ್ಕೇ ಸೇರಿಕೊಂಡರೆ ಅವರು ನಿಮ್ಮನ್ನು ಇಎಸ್‌ಐಗೆ ಸೇರಿಸುವುದೇ ಇಲ್ಲ. ಹಿಂದೆ ಕಟ್ಟಿದ ವಂತಿಗೆಯ ಬಲದ ಮೇಲೆ ಅಮ್ಮನಿಗೆ ಇನ್ನೆಷ್ಟು ದಿನ ಸೌಲಭ್ಯ ಸಿಗುತ್ತದೆ ಎಂಬುದನ್ನು ನಿಮ್ಮ ಕಾರ್ಡ್ ನಂಬರ್ ಹಿಡಿದು ಇಎಸ್‌ಐ ಶಾಖಾ ಕಚೇರಿಯಲ್ಲಿ ಕೇಳಿ. ಅಂಗಡಿಯಲ್ಲಿ ಯಾರೋ ಹೇಳಿದರೆಂದು ನಂಬಿ ಕೂರಬೇಡಿ.

ಈಗ ಲೆಕ್ಕ ಹಾಕಿ. ಇನ್ಸೆಂಟಿವ್ ಸೇರಿ ನಿಮಗೀಗ ಹತ್ತೊಂಬತ್ತು ಸಾವಿರದ ಆಸುಪಾಸು ಬರುತ್ತಿದೆ. ಹೊಸದರಲ್ಲಿ ಹೆಚ್ಚು ಸಿಗುವುದು ಏಳು ಸಾವಿರ. ಖಾಸಗಿ ಆಸ್ಪತ್ರೆಯಲ್ಲಿ ಒಂದು ಡಯಾಲಿಸಿಸ್‌ಗೆ ಸಾವಿರದ ಮೇಲೆಯೇ ಬೇಕು. ವಾರಕ್ಕೆ ಎರಡು ಸಲ ಎಂದರೆ ತಿಂಗಳಿಗೆ ಎಂಟು ಸಲ, ಆ ಏಳು ಸಾವಿರ ಅಲ್ಲಿಗೇ ಮುಗಿಯಿತು. ರಕ್ತ ಹೆಚ್ಚಿಸುವ ಇಂಜೆಕ್ಷನ್, ಆಟೋ ಬಾಡಿಗೆ, ತಿಂಗಳ ರಕ್ತಪರೀಕ್ಷೆಗಳ ಖರ್ಚು ಬೇರೆ. ಸಂಬಳ ಏರಿಯೂ ಮನೆಗೆ ಸಾಲ ಬರುವುದು ಹೀಗೆಯೇ. ಬಿಪಿಎಲ್ ಕಾರ್ಡ್ ಇದ್ದರೆ ಜಿಲ್ಲಾ, ತಾಲ್ಲೂಕು ಆಸ್ಪತ್ರೆಗಳಲ್ಲಿ ಉಚಿತ ಡಯಾಲಿಸಿಸ್ ಇದೆ, ಆದರೆ ಜಾಗ ಖಾಲಿ ಇದೆಯೇ ಎಂದು ಮೊದಲು ವಿಚಾರಿಸಬೇಕು. ಇಲ್ಲವೇ ಹೊಸ ಕಂಪನಿಯ ಗುಂಪು ವಿಮೆಯಲ್ಲಿ ತಂದೆ ತಾಯಿಯೂ ಸೇರುತ್ತಾರೆಯೇ, ಮೊದಲೇ ಇರುವ ಕಾಯಿಲೆಗೆ ಮೊದಲ ದಿನದಿಂದಲೇ ಹಣ ಕೊಡುತ್ತಾರೆಯೇ, ಡಯಾಲಿಸಿಸ್‌ಗೆ ವರ್ಷಕ್ಕೆ ಎಷ್ಟರವರೆಗೆ, ಇವಿಷ್ಟನ್ನೂ ಕಾಗದದ ಮೇಲೆ ಕೇಳಿ. 'ಇನ್ಶೂರೆನ್ಸ್ ಇದೆ ಬನ್ನಿ' ಎಂಬ ಮಾತು ಸಾಲದು. ಹಲವು ಕಡೆ ಗುಂಪು ವಿಮೆ ನೌಕರರಿಗಷ್ಟೇ, ಹೆಚ್ಚೆಂದರೆ ಗಂಡ ಹೆಂಡತಿ ಮಕ್ಕಳಿಗೆ.

ಇನ್ನು ಆ 26,000. ಅದು ಫಿಕ್ಸೋ, ಟಾರ್ಗೆಟ್ ಮುಟ್ಟಿದರೆ ಮಾತ್ರವೋ? ನೀವು ಬರೆದಿಲ್ಲ, ಅವರೂ ಬಹುಶಃ ಹೇಳಿಲ್ಲ. ಈ ವ್ಯಾಪಾರದಲ್ಲಿ ಫೋನಿನಲ್ಲಿ ಹೇಳುವ ಅಂಕಿಯೇ ಬೇರೆ, ಆಫರ್ ಲೆಟರ್‌ನಲ್ಲಿ ಇಳಿಯುವ ಅಂಕಿಯೇ ಬೇರೆ. ಟಾರ್ಗೆಟ್‌ನ ಶೇ 80 ದಾಟಿದರಷ್ಟೇ ಇನ್ಸೆಂಟಿವ್ ಎಂದು ಒಂದು ಗೆರೆ ಎಳೆದಿರುತ್ತಾರೆ. ಗ್ರಾಹಕ ಫೋನ್ ಕೊಂಡು ಸಿಮ್ ಹಾಕಿ ಆನ್ ಮಾಡಿ, ಅದು ಕಂಪನಿಯ ಲೆಕ್ಕದಲ್ಲಿ ಆಕ್ಟಿವೇಟ್ ಆದರೆ ಮಾತ್ರ ನಿಮ್ಮ ಹೆಸರಿಗೆ ಬರುವ ಪದ್ಧತಿಯೂ ಇದೆ. ಮಗಳ ಹುಟ್ಟುಹಬ್ಬಕ್ಕೆಂದು ಹತ್ತು ದಿನ ಮುಂಚೆ ಕೊಂಡು ಬೀರುವಿನಲ್ಲಿಟ್ಟ ಫೋನು ಆ ತಿಂಗಳ ನಿಮ್ಮ ಖಾತೆಗೆ ಬರುವುದೇ ಇಲ್ಲ. ಆದ್ದರಿಂದ ಫಿಕ್ಸ್ ಎಷ್ಟು, ಟಾರ್ಗೆಟ್ ಎಷ್ಟು ಪೀಸು, ಸ್ಟಾಕ್ ಬರದಿದ್ದ ತಿಂಗಳು ಏನು ಗತಿ ಎಂದು ಕೇಳಿ. ಯುಗಾದಿಯ ಮುಂಚೆಯೇ ಬರಬೇಕು ಎಂಬ ಅವಸರ ನೋಡಿದರೆ ಅವರಿಗೆ ಬೇಕಾಗಿರುವುದು ಹಬ್ಬದ ಮಾರಾಟ. ಹಬ್ಬ ಕಳೆದ ಮೇಲೂ ನೀವು ಬೇಕೇ ಎಂಬುದು ಆಫರ್ ಲೆಟರ್ ಕೊಟ್ಟ ಮೇಲಷ್ಟೇ ತಿಳಿಯುತ್ತದೆ.

ಆ ಲೆಟರ್ ಯಾರ ಹೆಸರಿನಲ್ಲಿ ಬರುತ್ತದೆ ಎಂದೂ ನೋಡಿ. ಟೀ ಶರ್ಟ್ ಮೇಲೆ ಒಂದು ಕಂಪನಿಯ ಹೆಸರು, ಸ್ಯಾಲರಿ ಸ್ಲಿಪ್ ಮೇಲೆ ಯಾವುದೋ ಏಜೆನ್ಸಿಯ ಹೆಸರು ಇರುವುದು ಪ್ರಮೋಟರ್‌ಗಳ ಬದುಕಿನಲ್ಲಿ ಮಾಮೂಲು. ನಿಮ್ಮ ಈಗಿನ ಸ್ಲಿಪ್ ತೆಗೆದು 'ಸೇರಿದ ದಿನಾಂಕ' ಎಲ್ಲಿಂದ ಇದೆ ನೋಡಿ. ನಡುವೆ ಏಜೆನ್ಸಿ ಬದಲಾಗಿದ್ದರೆ ನಿಮ್ಮ ನಾಲ್ಕು ವರ್ಷ ನಾಲ್ಕು ತಿಂಗಳು ಅವರ ಪುಸ್ತಕದಲ್ಲಿ ಒಂದೂವರೆ ವರ್ಷವಾಗಿ ಕೂತಿರಬಹುದು. ಬದಲಾಗಿಲ್ಲವೆಂದರೆ ಇನ್ನು ಎಂಟು ತಿಂಗಳಿಗೆ ಐದು ವರ್ಷ ತುಂಬುತ್ತದೆ, ಗ್ರಾಚ್ಯುಟಿಗೆ ಅರ್ಹರಾಗುತ್ತೀರಿ. ವರ್ಷಕ್ಕೆ 15 ದಿನದ ವೇತನ, ತಿಂಗಳಿಗೆ 26 ದಿನದ ಲೆಕ್ಕ. ಮೂಲವೇತನ 12,000 ಎಂದುಕೊಂಡರೆ ಐದು ವರ್ಷಕ್ಕೆ ಸುಮಾರು 34,600 ರೂಪಾಯಿ. ನಿಮ್ಮದು ನಿಗದಿತ ಅವಧಿಯ ನೇಮಕವಾಗಿದ್ದರೆ, 2025ರ ನವೆಂಬರ್ 21ರಂದು ಜಾರಿಗೆ ಬಂದ ಹೊಸ ಕಾರ್ಮಿಕ ಸಂಹಿತೆಯಡಿ ಒಂದು ವರ್ಷಕ್ಕೇ ಗ್ರಾಚ್ಯುಟಿ ಉಂಟು. ನಿಮ್ಮ ನೇಮಕ ಯಾವ ಬಗೆಯದು ಎಂದು ಎಚ್‌ಆರ್‌ಗೆ ಇಮೇಲ್‌ನಲ್ಲಿ ಕೇಳಿ ಇಟ್ಟುಕೊಳ್ಳಿ, ಬಾಯಿಮಾತಿನಲ್ಲಿ ಬೇಡ.

ಕೇಸಿನ ಬೆದರಿಕೆಗೆ ಬರೋಣ. ಇದಕ್ಕೆ ನೀವು ನಿದ್ದೆ ಕೆಡಿಸಿಕೊಳ್ಳಬೇಕಾಗಿಲ್ಲ. 1872ರ ಭಾರತೀಯ ಕರಾರು ಕಾಯ್ದೆಯ 27ನೇ ಸೆಕ್ಷನ್ ಪ್ರಕಾರ, ಒಬ್ಬರು ತಮ್ಮ ಕಸುಬು ಮಾಡದಂತೆ ಕಟ್ಟಿಹಾಕುವ ಕರಾರು ಅಷ್ಟರ ಮಟ್ಟಿಗೆ ಊರ್ಜಿತವಲ್ಲ. ಕೆಲಸದಲ್ಲಿ ಇರುವಾಗ ಎದುರಾಳಿಗೆ ದುಡಿಯಬಾರದು ಎಂಬ ಷರತ್ತು ಸಲ್ಲುತ್ತದೆ. 1967ರಲ್ಲಿ ಸುಪ್ರೀಂ ಕೋರ್ಟ್ ಗೋಲಿಕರಿ ಪ್ರಕರಣದಲ್ಲಿ ಹಾಗೆಯೇ ಹೇಳಿತು. ಕೆಲಸ ಬಿಟ್ಟ ಮೇಲೂ ಇಂತಿಷ್ಟು ಕಾಲ ಬೇರೆಲ್ಲೂ ಸೇರಬಾರದು ಎಂಬುದು ನಿಲ್ಲುವುದಿಲ್ಲ. 1980ರ ಮುರ್ಗೈ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್‌ನ ನ್ಯಾಯಮೂರ್ತಿಯೊಬ್ಬರು ಹಾಗೆಂದೇ ಬರೆದರು. ನಮ್ಮ 27ನೇ ಸೆಕ್ಷನ್ ಮತ್ತು ಕ್ಯಾಲಿಫೋರ್ನಿಯಾದ ಇಂಥದ್ದೇ ನಿಯಮ ಎರಡೂ ನ್ಯೂಯಾರ್ಕಿನ ಡೇವಿಡ್ ಡಡ್ಲಿ ಫೀಲ್ಡ್ ಬರೆದ ಕರಡಿನಿಂದ ಬಂದವು, ಎರಡೂ 1872ರವು. ಸಿಲಿಕಾನ್ ವ್ಯಾಲಿಯ ಎಂಜಿನಿಯರ್‌ಗೆ ಇರುವ ಬಿಡುಗಡೆ, ಕಾಗದದ ಮೇಲಾದರೂ, ನಿಮಗೂ ಇದೆ.

ಒಂದು ಎಚ್ಚರಿಕೆ ಮಾತ್ರ ಇರಲಿ. ನೀವು ಸೈನ್ ಮಾಡಿದ ಕಾಗದದಲ್ಲಿ 'ಇಂತಿಷ್ಟು ಕಾಲಕ್ಕೆ ಮುಂಚೆ ಬಿಟ್ಟರೆ ಇಷ್ಟು ಹಣ ಕಟ್ಟಬೇಕು' ಎಂಬ ಬಾಂಡ್ ಇದೆಯೇ ಓದಿ ನೋಡಿ. ಅದು ಬೇರೆ ಜಾತಿಯ ಷರತ್ತು. ಮೂರು ವರ್ಷ ಸೇವೆ ಮಾಡದೆ ಬಿಟ್ಟರೆ ಎರಡು ಲಕ್ಷ ಎಂಬ ವಿಜಯಾ ಬ್ಯಾಂಕಿನ ಬಾಂಡನ್ನು 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿದಿದೆ. ಅದು ಸರ್ಕಾರಿ ಬ್ಯಾಂಕು, ನೇಮಕಾತಿಯ ಖರ್ಚು ದೊಡ್ಡದು ಎಂಬ ಕಾರಣವಿತ್ತು. ನಾಲ್ಕು ವರ್ಷ ದುಡಿದ ಪ್ರಮೋಟರ್‌ಗೆ ಅದು ತಾಗುವ ಸಂಭವ ಕಡಿಮೆ. ಆದರೂ ಓದದೆ ಧೈರ್ಯ ಮಾಡಬೇಡಿ.

ಈಗ ದ್ರೋಹದ ಮಾತು. ಕಂಪನಿಗಳು ಒಬ್ಬರ ಅಂಗಡಿಯಿಂದ ಇನ್ನೊಬ್ಬರು ಜನರನ್ನು ಸೆಳೆಯುವುದು ಹೊಸದೇನಲ್ಲ. ಆ್ಯಪಲ್ ತನ್ನ ಮೊದಲ ಅಂಗಡಿಗಳನ್ನು 2001ರ ಮೇ ತಿಂಗಳಲ್ಲಿ ಅಮೆರಿಕದಲ್ಲಿ ತೆರೆಯಿತು. ಎಂಟು ವರ್ಷದ ನಂತರ, 2009ರ ಅಕ್ಟೋಬರ್‌ನಲ್ಲಿ, ಮೈಕ್ರೋಸಾಫ್ಟ್ ಅರಿಜೋನಾದ ಸ್ಕಾಟ್ಸ್‌ಡೇಲ್‌ನಲ್ಲಿ ತನ್ನ ಮೊದಲ ಅಂಗಡಿ ತೆರೆದಾಗ, ಅದು ಆ್ಯಪಲ್ ಅಂಗಡಿಗಳ ಮ್ಯಾನೇಜರ್‌ಗಳನ್ನು ಹೆಚ್ಚು ಸಂಬಳ, ಊರು ಬದಲಿಸುವ ಖರ್ಚು ಕೊಟ್ಟು ಕರೆಯುತ್ತಿದೆ ಎಂದು ಅಲ್ಲಿ ವರದಿಗಳು ಬಂದಿದ್ದವು. ಸಾವಿರಾರು ಕೋಟಿ ಡಾಲರ್ ಇದ್ದ ಕಂಪನಿಗೂ ಗಿರಾಕಿಯ ಎದುರು ನಿಂತು ಮಾತಾಡಬಲ್ಲವರನ್ನು ರಾತ್ರೋರಾತ್ರಿ ತಯಾರು ಮಾಡಲಾಗಲಿಲ್ಲ, ತಯಾರಾದವರನ್ನು ಕರೆಯಬೇಕಾಯಿತು. ನಿಮ್ಮ ಕಸುಬಿನ ಬೆಲೆ ಅದು. ಆದರೆ ಅದೇ ಮೈಕ್ರೋಸಾಫ್ಟ್ 2020ರ ಜೂನ್‌ನಲ್ಲಿ, ನಾಲ್ಕು ಅನುಭವ ಕೇಂದ್ರಗಳನ್ನು ಬಿಟ್ಟು, ತನ್ನ ಅಂಗಡಿಗಳನ್ನೆಲ್ಲ ಮುಚ್ಚುವುದಾಗಿ ಹೇಳಿತು. ಕೆಲಸಗಾರರನ್ನು ಬೇರೆ ರೀತಿ ಬಳಸಿಕೊಳ್ಳುತ್ತೇವೆ ಎಂದಿತು, ಒಳ್ಳೆಯದೇ. ನಮ್ಮಲ್ಲಿ ಎಲ್‌ಜಿ 2021ರಲ್ಲಿ ಮೊಬೈಲ್ ವ್ಯಾಪಾರವನ್ನೇ ಬಿಟ್ಟಿತು. ಒಂದು ಕಾಲಕ್ಕೆ ಹಳ್ಳಿ ಪೇಟೆಯಲ್ಲೂ ಮಿಂಚಿದ್ದ ಮೈಕ್ರೋಮ್ಯಾಕ್ಸ್ ಬೋರ್ಡ್‌ಗಳ ಜಾಗಕ್ಕೆ ಬೇರೆ ಕಂಪನಿಗಳ ನೀಲಿ, ಹಸಿರು ಬೋರ್ಡ್‌ಗಳು ಬಂದಿದ್ದನ್ನು ನೀವೇ ಕಾಲೇಜಿಗೆ ಹೋಗುವಾಗ ನೋಡಿರುತ್ತೀರಿ. ಬೋರ್ಡು ಕೆಳಗಿಳಿಸುವ ದಿನ ಯಾವ ಕಂಪನಿಯೂ ಪ್ರಮೋಟರ್‌ನ ಒಪ್ಪಿಗೆ ಕೇಳುವುದಿಲ್ಲ.

ಇನ್ನೊಂದು ಸಂಗತಿ ಹೇಳಿಬಿಡುತ್ತೇನೆ, ನಿಮ್ಮ ಸರ್‌ಗೂ ಬೇಕಾದರೆ ಓದಿಸಿ. ಒಬ್ಬರ ನೌಕರರನ್ನು ಇನ್ನೊಬ್ಬರು ಕರೆಯಬಾರದು ಎಂದು ತಮ್ಮತಮ್ಮಲ್ಲೇ ಗುಟ್ಟಾಗಿ ಒಪ್ಪಿಕೊಂಡಿದ್ದಕ್ಕೆ ಆ್ಯಪಲ್, ಗೂಗಲ್, ಇಂಟೆಲ್ ಸೇರಿ ಆರು ಕಂಪನಿಗಳ ಮೇಲೆ ಅಮೆರಿಕದ ನ್ಯಾಯ ಇಲಾಖೆ 2010ರಲ್ಲಿ ಮೊಕದ್ದಮೆ ಹೂಡಿತ್ತು. ಎಂಜಿನಿಯರ್‌ಗಳೇ ಹಾಕಿದ ದಾವೆಯಲ್ಲಿ ಇವರಲ್ಲಿ ನಾಲ್ವರು 2015ರಲ್ಲಿ 41.5 ಕೋಟಿ ಡಾಲರ್ ಕೊಟ್ಟು ರಾಜಿಯಾದರು. ಕರೆ ಬಂದಿದ್ದು ನಿಮ್ಮ ತಪ್ಪಲ್ಲ. ಕೇಳಿಸಿಕೊಂಡಿದ್ದೂ ತಪ್ಪಲ್ಲ.

ಆದರೆ ನಿಮ್ಮ ಸರ್ ನಿಮ್ಮನ್ನು ಬೆಳೆಸಿದ್ದು ನಿಜ ಎಂದು ನೀವೇ ಬರೆದಿದ್ದೀರಿ. ಆ ಋಣ ನನಗೆ ಹಗುರವಾಗಿ ಕಾಣುವುದಿಲ್ಲ. ಅದು ಆ ಮನುಷ್ಯನ ಋಣ, ಏಜೆನ್ಸಿಯದೂ ಅಲ್ಲ, ಬ್ರ್ಯಾಂಡಿನದೂ ಅಲ್ಲ. ಬಿಡುವುದಾದರೆ ಮೊದಲು ಅವರಿಗೇ ಎದುರು ಕೂತು ಹೇಳಿ, ಹೊಸಬರಿಗೆ ಕೌಂಟರ್ ಕಲಿಸಿಕೊಟ್ಟು, ನೋಟಿಸ್ ಅವಧಿ ಪೂರ್ತಿ ಮಾಡಿ ಹೋಗಿ. ಅವರ ಟೀಮಿಗೂ ಟಾರ್ಗೆಟ್ ಇದೆ, ನೀವು ಹೋದ ತಿಂಗಳು ಬೈಸಿಕೊಳ್ಳುವವರು ಅವರು. ಕೇಸಿನ ಮಾತು ಆ ಹೆದರಿಕೆಯಿಂದಲೇ ಬಂದಿರಬಹುದು ಎಂದು ನನಗೆ ಅನಿಸುತ್ತದೆ.

ನಿಜವಾದ ತಪ್ಪು ಆ ಏರಿಯಾ ಮ್ಯಾನೇಜರ್ ಕೇಳುತ್ತಿರುವ ಇನ್ನೊಂದರಲ್ಲಿದೆ. ಕಸ್ಟಮರ್ ನಂಬರ್‌ಗಳನ್ನು ಒಯ್ಯಬೇಡಿ. ಬಿಲ್ ಮಾಡುವಾಗ, ಎಕ್ಸ್‌ಚೇಂಜ್ ಮಾಡುವಾಗ, ಇಎಂಐ ಕಾಗದಕ್ಕೆ ಆಧಾರ್ ತೋರಿಸುವಾಗ ಜನ ಕೊಟ್ಟ ನಂಬರ್ ಅವು. ಅವರು ಕೊಟ್ಟಿದ್ದು ಆ ಕೆಲಸಕ್ಕೆ. 27ನೇ ಸೆಕ್ಷನ್ ನಿಮ್ಮ ಕಸುಬನ್ನು ಕಾಯುತ್ತದೆ, ಇದನ್ನು ಕಾಯುವುದಿಲ್ಲ. ಗ್ರಾಹಕರ ಪಟ್ಟಿ ಕದ್ದರು ಎಂಬ ದೂರಿಗೆ ಹಲ್ಲು ಇರುತ್ತದೆ. ಇಂಥದ್ದನ್ನು ಕೇಳುವ ಮ್ಯಾನೇಜರ್, ನಾಳೆ ನೀವು ಅವರನ್ನು ಬಿಡುವಾಗ ನಿಮ್ಮ ಫೋನನ್ನು ಹೇಗೆ ತಡಕಾಡುತ್ತಾರೆ ಎಂದೂ ಯೋಚಿಸಿ. ಜೊತೆಯವರನ್ನು ಕರೆತರುವ ದಲ್ಲಾಳಿ ಕೆಲಸವೂ ಬೇಡ. ಕಂಪನಿಗೆ ಅವರು ಬೇಕಿದ್ದರೆ ಅವರ ನಂಬರ್‌ಗೇ ಫೋನ್ ಬರುತ್ತದೆ.

ಮತ್ತೆ, ಅಂಗಡಿಯ ಮಾಲೀಕರನ್ನು ಮರೆಯಬೇಡಿ. ನೀವು ಹೋಗುವುದು ನಾಲ್ಕು ಹೆಜ್ಜೆ ಆಚೆಯ ಕೌಂಟರ್‌ಗೆ. ಅಂಗಡಿ ಅವರದು, 'ಈ ಹುಡುಗಿ ಬೇಡ' ಎಂದು ಅವರು ಅಂದರೆ ಹೊಸ ಕಂಪನಿ ನಿಮ್ಮನ್ನು ದೂರದ ವೈಟ್‌ಫೀಲ್ಡ್‌ಗೆ ಹಾಕಿಬಿಡಬಹುದು. ಡಯಾಲಿಸಿಸ್ ದಿನ ಬೆಳಗ್ಗೆ ಅಮ್ಮನನ್ನು ರಾಜಾಜಿನಗರಕ್ಕೆ ಬಿಟ್ಟು ವೈಟ್‌ಫೀಲ್ಡ್ ಸೇರುವುದು ಆಗುವ ಹೋಗುವ ಮಾತಲ್ಲ. ಯಾವ ಅಂಗಡಿ, ವಾರದ ರಜೆ ಯಾವ ದಿನ ಎಂಬುದೂ ಲೆಟರ್‌ನಲ್ಲಿ ಇರಲಿ.

ನನ್ನನ್ನು ಕೇಳಿದರೆ, ಯುಗಾದಿಗೆ ಹೋಗಬೇಡಿ. ಅಮ್ಮನ ಚಿಕಿತ್ಸೆಗೆ ಬದಲಿ ವ್ಯವಸ್ಥೆ ಕಾಗದದ ಮೇಲೆ ಸಿಗುವವರೆಗೆ ಆ 26,000 ನಿಮ್ಮ ಪಾಲಿಗೆ ಏರಿಕೆಯೇ ಅಲ್ಲ. ಬೇಕಿದ್ದರೆ ಎಂಟು ತಿಂಗಳು ಕಾದು ಗ್ರಾಚ್ಯುಟಿಗೆ ಅರ್ಹರಾದ ಮೇಲೆ ದೀಪಾವಳಿಯ ಆಸುಪಾಸಿನಲ್ಲಿ ನೀವೇ ಮಾತು ತೆಗೆಯಿರಿ, ಆಗಲೂ ಯಾರಾದರೊಬ್ಬರು ಕರೆಯುತ್ತಲೇ ಇರುತ್ತಾರೆ. ಅಷ್ಟರೊಳಗೆ ವಿಮೆ ಸಮೇತ ಒಳ್ಳೆಯ ಲೆಟರ್ ಬಂದರೆ ಸಂಕೋಚಪಡದೆ ಹೋಗಿ. ಹೋಗುವಾಗ ಬಾಕಿ ಇನ್ಸೆಂಟಿವ್ ಎಷ್ಟು ಎಂದು ಇಮೇಲ್‌ನಲ್ಲಿ ಬರೆಸಿಕೊಳ್ಳಿ. ರಾಜೀನಾಮೆ ಕೊಟ್ಟವರ ಬಾಕಿ ವೇತನವನ್ನು ಎರಡು ಕೆಲಸದ ದಿನಗಳೊಳಗೆ ಕೊಡಬೇಕು ಎಂದು ಹೊಸ ವೇತನ ಸಂಹಿತೆ ಹೇಳುತ್ತದೆ. ಪಿಎಫ್ ಹಣ ಬಿಡಿಸಿಕೊಳ್ಳಬೇಡಿ, ಅದೇ ಯುಎಎನ್ ನಂಬರ್ ಹೊಸ ಕಡೆ ಕೊಟ್ಟು ವರ್ಗಾಯಿಸಿಕೊಳ್ಳಿ. ಪಿಂಚಣಿಗೆ ಹತ್ತು ವರ್ಷದ ಸೇವೆ ಬೇಕು, ನಿಮ್ಮದು ಅರ್ಧ ದಾರಿಯ ಹತ್ತಿರ ಬಂದಿದೆ.

ಮುಂದಿನ ಸಲ ಅವರ ಫೋನ್ ಬಂದಾಗ ಇಷ್ಟು ಹೇಳಿ: 'ಸರ್, ಆಫರ್ ಲೆಟರ್ ಮತ್ತು ಇನ್ಶೂರೆನ್ಸ್ ವಿವರ ಮೇಲ್ ಮಾಡಿ, ಓದಿ ಹೇಳ್ತೀನಿ. ಕಸ್ಟಮರ್ ಲಿಸ್ಟ್ ಮಾತ್ರ ನನ್ನಿಂದ ಆಗಲ್ಲ.' ಮೇಲ್ ಬಂದರೆ ನಿಮ್ಮ ಈಗಿನ ಸ್ಲಿಪ್ ಜೊತೆಗೆ, ಹೆಸರು ನಂಬರ್ ಅಳಿಸಿ, ನನಗೂ ಕಳಿಸಿ. ಒಂದರ ಪಕ್ಕ ಒಂದಿಟ್ಟು ನೋಡೋಣ.